ಫೋಕಸ್ ಆಗದ ಟೆಲಿಸ್ಕೋಪ್: ಉಡುಪಿಯ ತಾರಸಿಯಲ್ಲಿ ನಾನು ಸರಿ ಮಾಡಿದ ಬಗೆ

ಕಡಿಮೆ ಬೆಲೆಯ ಟೆಲಿಸ್ಕೋಪ್ ಕೊಂಡವರ ಮೊದಲ ದೂರು ಸಾಮಾನ್ಯವಾಗಿ ಒಂದೇ: "ಫೋಕಸ್ ಆಗುದೇ ಇಲ್ಲ." ಅಕ್ಕನ ಮಗನಿಗೆ ಹುಟ್ಟುಹಬ್ಬಕ್ಕೆ ಸಿಕ್ಕಿದ್ದರ ಕತೆಯೂ ಅದೇ. 70 ಮಿಲಿಮೀಟರ್ ಅಗಲದ ಲೆನ್ಸ್, 700 ಮಿಲಿಮೀಟರ್ ಫೋಕಲ್ ಲೆಂತ್ (ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ). ಜೊತೆಗೆ 20 ಮತ್ತು 4 ಮಿಲಿಮೀಟರಿನ ಎರಡು ಐಪೀಸ್ (ಕಣ್ಣಿಡುವ ಲೆನ್ಸ್), ಐಪೀಸಿನ ಚಿತ್ರವನ್ನು ಇನ್ನೂ ಮೂರು ಪಟ್ಟು ಹಿಗ್ಗಿಸುವ ಒಂದು ಬಾರ್ಲೋ ಲೆನ್ಸ್, ಚಿತ್ರವನ್ನು ನೆಟ್ಟಗೆ ಮಾಡುವ ಉದ್ದ ಕೊಳವೆ, ಬಗ್ಗಿ ನೋಡಲು ಬೆಳಕನ್ನು ಮೇಲಕ್ಕೆ ತಿರುಗಿಸುವ, ಒಳಗೆ ಕನ್ನಡಿಯಿರುವ ಡಯಾಗನಲ್. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ '525 ಪಟ್ಟು' ಎಂದಿತ್ತು. ಹುಡುಗ ಎಲ್ಲವನ್ನೂ ಒಂದರ ಹಿಂದೊಂದು ಸಿಕ್ಕಿಸಿಕೊಂಡು ನಮ್ಮ ತಾರಸಿಗೆ ತಂದಿದ್ದ.

ನಾನು ಮೊದಲು ಮಾಡಿದ್ದು ಎಲ್ಲ ಬಿಚ್ಚಿಸಿದ್ದು. ಡಯಾಗನಲ್, ಅದಕ್ಕೆ 20ರ ಐಪೀಸ್. ಅಷ್ಟೇ ಸಾಕು. 700ನ್ನು 20ರಿಂದ ಭಾಗಿಸಿದರೆ 35 ಪಟ್ಟು. 4ರ ಐಪೀಸಿನಲ್ಲಿ 175, ಅದಕ್ಕೆ ಬಾರ್ಲೋ ಸೇರಿದರೆ ಪೆಟ್ಟಿಗೆಯ 525. ಆದರೆ ಲೆನ್ಸಿನ ಅಗಲದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ ಎರಡು ಪಟ್ಟು ಎನ್ನುವುದು ಎಲ್ಲರೂ ಪಾಲಿಸುವ ಲೆಕ್ಕ. ಅಂದರೆ ಇದಕ್ಕೆ 140. ಅದರಾಚೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ವಿವರ ಜಾಸ್ತಿ ಆಗುವುದಿಲ್ಲ, ಬರೀ ಮಂಕು. ಐಪೀಸ್ ಕೂರುವ ಫೋಕಸರ್ ಕೊಳವೆಯನ್ನು ಒಳಹೊರಗೆ ಸರಿಸುವ ಗುಬ್ಬಿಯನ್ನು ಎಷ್ಟು ತಿರುಗಿಸಿದರೂ ಆ ಮಂಕು ಹೋಗುವುದಿಲ್ಲ. 1610ರಲ್ಲಿ ಗೆಲಿಲಿಯೋ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ದುರ್ಬೀನಿನಲ್ಲಿ ಎಂದು ಹುಡುಗನಿಗೆ ಹೇಳಿದೆ.

ಇನ್ನು ಮುಖ್ಯ ಮಾತು. ಫೋಕಸ್ ಆಗುತ್ತಿಲ್ಲ ಎನ್ನುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಅದನ್ನು ಬೇರ್ಪಡಿಸದೆ ಏನೇ ರಿಪೇರಿಗೆ ಹೊರಟರೂ ದಂಡ. ಒಂದು ಪ್ರಕಾಶದ ನಕ್ಷತ್ರವನ್ನು ಹಿಡಿದು ಗುಬ್ಬಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನ ತಿರುಗಿಸಿ. ಬೆಳಕಿನ ಬಿಲ್ಲೆ ಕಿರಿದಾಗುತ್ತಾ ಬಂದು, ಚುಕ್ಕಿಯಾಗಿ, ಮತ್ತೆ ಹಿಗ್ಗಿತು ಅಂದರೆ ಫೋಕಸ್ ಅಲ್ಲೇ ಉಂಟು, ನೀವು ಅದನ್ನು ದಾಟಿ ಹೋಗಿದ್ದೀರಿ. ಆಗಲೂ ಚಿತ್ರ ಮಸುಕಿದ್ದರೆ ಕಾರಣ ಬೇರೆ. ಕಿರಿದಾಗುತ್ತಾ ಬಂದು ಚುಕ್ಕಿಯಾಗುವ ಮೊದಲೇ ಗುಬ್ಬಿ ನಿಂತುಬಿಟ್ಟಿತು ಅಂದರೆ ಮಾತ್ರ ಲೆನ್ಸಿನಿಂದ ಐಪೀಸಿನವರೆಗಿನ ಉದ್ದ ಸಾಲದು ಅಥವಾ ಜಾಸ್ತಿಯಾಗಿದೆ.

ಹೊರಗೆ ಎಳೆದ ತುದಿಯಲ್ಲಿ ನಿಂತಿತೋ? ಐಪೀಸಿನ ಸ್ಕ್ರೂ ಸಡಿಲಿಸಿ ಕೈಯಲ್ಲೇ ತುಸು ಹೊರಗೆ ಎಳೆದು ನೋಡಿ. ಚಿತ್ರ ಸ್ಪಷ್ಟವಾದರೆ ಉದ್ದ ಸಾಲದು ಎಂದೇ ಅರ್ಥ. ಇಂಥ ಲೆನ್ಸಿನ ಟೆಲಿಸ್ಕೋಪುಗಳಲ್ಲಿ ಡಯಾಗನಲ್ ಹಾಕದಿದ್ದರೆ ಹೀಗಾಗುವುದು ಸಾಮಾನ್ಯ. ಫೋಕಸರ್ ಪೂರ್ತಿ ಒಳಗೆ ಹೋದ ಮೇಲೂ ಚುಕ್ಕಿಯಾಗದಿದ್ದರೆ ಉದ್ದ ಜಾಸ್ತಿ ಎಂದರ್ಥ; ನಡುವೆ ಬಾರ್ಲೋ ಅಥವಾ ಆ ಉದ್ದ ಕೊಳವೆ ಕೂತಿದೆಯಾ ನೋಡಿ, ತೆಗೆಯಿರಿ. ಲೆನ್ಸಿನ ಬದಲು ಕನ್ನಡಿಯಿರುವ ನ್ಯೂಟೋನಿಯನ್ ಟೆಲಿಸ್ಕೋಪ್ ಆದರೆ ಫೋಕಸ್ ತಪ್ಪಿದ ನಕ್ಷತ್ರ ಉದ್ದಿನವಡೆಯಂತೆ ನಡುವೆ ತೂತಿಟ್ಟುಕೊಂಡು ಕಾಣುತ್ತದೆ. ಎಷ್ಟೋ ಜನ ಅದನ್ನೇ ಗ್ರಹ ಅಂದುಕೊಳ್ಳುತ್ತಾರೆ. ಆ ತೂತು ನಡುವಿನಲ್ಲಿಲ್ಲದೆ ಒಂದು ಬದಿಗೆ ಸರಿದಿದ್ದರೆ ಕನ್ನಡಿಗಳನ್ನು ಹೊಂದಿಸಬೇಕು.

ಹುಡುಗನಿಗೆ ಗುಬ್ಬಿಯ ಅಂದಾಜು ಸಿಗಲಿ ಎಂದು ಹಗಲಿನಲ್ಲೇ ಅಭ್ಯಾಸ ಮಾಡಿಸಿದೆ. ಅವನು ಆರಿಸಿಕೊಂಡದ್ದು ಪಕ್ಕದ ಮನೆಯ ತೆಂಗಿನ ಮರ. ಅದು ಸಾಲದು. 50 ಮೀಟರ್ ದೂರದ ಗರಿಗೆ ಹೊಂದಿಸಿದ ಫೋಕಸ್ ಚಂದ್ರನ ಫೋಕಸಿಗಿಂತ ಸುಮಾರು ಒಂದು ಸೆಂಟಿಮೀಟರ್ ಹೊರಗಿರುತ್ತದೆ. ಒಂದು ಕಿಲೋಮೀಟರ್ ದೂರದ ವಸ್ತುವಾದರೆ ವ್ಯತ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಹಾಗಾಗಿ ಮಣಿಪಾಲದ ಗುಡ್ಡದ ಮೇಲಿನ ಎತ್ತರದ ಕಟ್ಟಡಕ್ಕೆ ತಿರುಗಿಸಿದೆವು. ಅಂಚು ಚೂಪಾಗಿ ಕಂಡ ಕೂಡಲೇ ಹೊರಬಂದಿದ್ದ ಫೋಕಸರ್ ಕೊಳವೆಯ ಮೇಲೆ ಬಿಳಿ ಟೇಪಿನ ಸಣ್ಣ ಚೂರು ಅಂಟಿಸಿದೆವು. ರಾತ್ರಿ ಆ ಗುರುತಿನಿಂದಲೇ ಶುರು. ಹಗಲಲ್ಲಿ ಸೂರ್ಯನ ಹತ್ತಿರಕ್ಕೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಐಪೀಸಿಗೆ ಹಾಕುವ ಸೂರ್ಯನ ಫಿಲ್ಟರ್ ಪೆಟ್ಟಿಗೆಯಲ್ಲಿದ್ದರೆ ಬಿಸಾಡಿ. ಬಿಸಿಗೆ ಅದು ಒಡೆಯಬಹುದು.

ರಾತ್ರಿ ಚುಕ್ಕಿ ಬಂತು. ಆದರೆ ಗುಬ್ಬಿ ಮುಟ್ಟಿದರೆ ಸಾಕು, ಗುರು ಕುಣಿಯುತ್ತಿದ್ದ. ಕುಣಿಯುವ ಚಿತ್ರದಲ್ಲಿ ಫೋಕಸ್ ಎಲ್ಲಿ ಅಂತ ಹೇಳುವುದು ಹೇಗೆ? ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿ ಒಳಗೆ ತಳ್ಳಿ, ನಡುವೆ ಮುರಕಲ್ಲಿನ ತುಂಡು ಹಾಕಿದ ಚೀಲ ತೂಗುಹಾಕಿದೆವು. ಗುಬ್ಬಿಗೆ ಬಟ್ಟೆ ಒಣಗಿಸುವ ಕ್ಲಿಪ್ಪನ್ನು ಅಡ್ಡಲಾಗಿ ಕಚ್ಚಿಸಿದೆ. ಕ್ಲಿಪ್ಪಿನ ತುದಿಯನ್ನು ಒಂದೇ ಬೆರಳಿನಲ್ಲಿ ತಳ್ಳಿದರೆ ಗುಬ್ಬಿ ಕೂದಲೆಳೆಯಷ್ಟು ಮಾತ್ರ ತಿರುಗುತ್ತದೆ, ಅದುರುವುದೂ ಕಡಿಮೆ. ನನ್ನ ಮಟ್ಟಿಗೆ ಈ ಕ್ಲಿಪ್ಪಿನಷ್ಟು ಉಪಕಾರ ಮಾಡಿದ ಬಿಡಿಭಾಗ ಇನ್ನೊಂದಿಲ್ಲ. ಫೋಕಸರ್ ಕೊಳವೆ ತಾನೇ ಅಲುಗಾಡುತ್ತಿತ್ತು. ಗುಬ್ಬಿಯ ದಂಡದ ಮೇಲಿನ ತಗಡಿಗೆ ಸಣ್ಣ ಸ್ಕ್ರೂಗಳಿರುತ್ತವೆ. ಅವನ್ನು ಕಾಲು ಸುತ್ತಿನಷ್ಟು ಬಿಗಿ ಮಾಡಿದೆ, ಸರಿಹೋಯಿತು.

ಕರಾವಳಿಯವರಿಗೆ ಇನ್ನೊಂದು ಕಾಟ ತೇವ. ಚೆನ್ನಾಗಿದ್ದ ಚಿತ್ರ ಅರ್ಧ ರಾತ್ರಿಗೆ ಮಸುಕಾಯಿತು, ನಕ್ಷತ್ರದ ಸುತ್ತ ಮಬ್ಬು ಪ್ರಭೆ ಬಂತು ಅಂದರೆ ಗುಬ್ಬಿಗೆ ಕೈ ಹಾಕಬೇಡಿ, ಲೆನ್ಸ್ ನೋಡಿ. ಇಬ್ಬನಿ ಕೂತಿರುತ್ತದೆ. ಒರೆಸಬೇಡಿ, ತಾನಾಗಿ ಆರಲಿ. ಕಪ್ಪು ಚಾರ್ಟ್ ಪೇಪರನ್ನು ಸುರುಳಿ ಸುತ್ತಿ ಲೆನ್ಸಿನ ಮುಂದೆ ಒಂದು ಗೇಣು ಚಾಚಿಸಿದರೆ ಇಬ್ಬನಿ ತಡವಾಗಿ ಕೂರುತ್ತದೆ. ಎಸಿ ರೂಮಿನಿಂದ ನೇರ ಹೊರಗೆ ತಂದರೂ ಇದೇ ಗತಿ. ಮಲ್ಪೆಯ ಕಡಲ ತೀರಕ್ಕೆ ಒಯ್ಯಲು ಆಸೆಯಾಗುವುದು ಸಹಜ, ಆದರೆ ಉಪ್ಪುಗಾಳಿ ಲೆನ್ಸಿಗೆ ಒಳ್ಳೆಯದಲ್ಲ. ಕಡಲಿನ ಅಂಚಿಗಿಳಿದ ಚಂದ್ರನ ಚಿತ್ರ ಹೇಗೂ ಕುದಿಯುತ್ತಲೇ ಇರುತ್ತದೆ, ಬೆಳಕು ದಪ್ಪ ಗಾಳಿಯನ್ನು ದಾಟಿ ಬರಬೇಕಲ್ವಾ. ನಮ್ಮ ಊರು ಸುಮಾರು 13 ಡಿಗ್ರಿ ಉತ್ತರದಲ್ಲಿರುವುದರಿಂದ ಗ್ರಹಗಳು ಎತ್ತರಕ್ಕೆ ಏರುತ್ತವೆ. ಏರುವವರೆಗೆ ಕಾಯುವುದು ಲಾಭ. ಹಗಲು ಕಾದ ಸಿಮೆಂಟಿನ ತಾರಸಿಯೂ ಅಷ್ಟರಲ್ಲಿ ತಣಿದಿರುತ್ತದೆ.

ಆಮೇಲೆ ಪ್ಲಾಸಲ್ ಎಂಬ ಬಗೆಯ 10 ಮಿಲಿಮೀಟರಿನ ಒಂದು ಐಪೀಸ್ ಕೊಡಿಸಿದೆ. 70 ಪಟ್ಟು. ಗುರುವಿನ ಎರಡು ಪಟ್ಟೆಗಳು ಎದ್ದು ಕಂಡವು. ಅಮ್ಮನನ್ನು ಕರೆದರೆ ಅವರು ಕನ್ನಡಕ ತೆಗೆದು ಬಗ್ಗಿ ನೋಡಿ, "ಎಂತ ಸಹ ಇಲ್ಲ ಮಾರಾಯ, ಬರೀ ಬೆಳ್ಳಗೆ" ಎಂದರು. ನನ್ನ ಕಣ್ಣಿಗೆ ಕೂತ ಫೋಕಸ್ ಅವರ ಕಣ್ಣಿಗೆ ಕೂರಬೇಕೆಂದಿಲ್ಲ. ಕ್ಲಿಪ್ಪನ್ನು ಅವರ ಬೆರಳಿಗೇ ಕೊಟ್ಟೆ. ತುಸು ತಳ್ಳಿದರು, "ಹಾಂ, ಬದಿಯಲ್ಲಿ ನಾಲ್ಕು ಚುಕ್ಕಿ ಉಂಟಲ್ಲ!" ಎಂದರು.