ಫಾಂತಾಂ ಲಾತೂರ್ ಥರ ಗುಲಾಬಿ ಬಿಡಿಸೋದು ಹೇಗೆ

ಮೊದಲು ಒಂದು ಕಥೆ, ಆಮೇಲೆ ಬ್ರಷ್. 1872ರಲ್ಲಿ ಆನ್ರಿ ಫಾಂತಾಂ ಲಾತೂರ್ ಅನ್ನೋ ಫ್ರೆಂಚ್ ಚಿತ್ರಕಾರರು ಪ್ಯಾರಿಸ್ಸಿನ ಕವಿಗಳನ್ನೆಲ್ಲಾ ಒಂದು ಟೇಬಲ್ ಸುತ್ತ ಕೂರಿಸಿ ದೊಡ್ಡ ಗ್ರೂಪ್ ಪೋರ್ಟ್ರೇಟ್ ಮಾಡ್ತಿದ್ರು, ಎಡಗಡೆ ಮೂಲೆಯಲ್ಲಿ ವೆರ್ಲೇನ್, ಪಕ್ಕದಲ್ಲೇ ಗಲ್ಲಕ್ಕೆ ಕೈ ಕೊಟ್ಕೊಂಡ ರ‍್ಯಾಂಬೋ. ಆಲ್ಬೆರ್ ಮೆರಾ ಅನ್ನೋ ಕವಿ ಮಾತ್ರ ಈ ಇಬ್ಬರ ಜೊತೆ ನಾನು ಕೂರಲ್ಲ ಅಂದ್ಬಿಟ್ಟ. ಫಾಂತಾಂ ಜಗಳ ಆಡ್ಲಿಲ್ಲ, ಅವನ ಜಾಗದಲ್ಲಿ ಒಂದು ಹೂವಿನ ಕುಂಡ ಬಿಡಿಸಿದ್ರು. ಚಿತ್ರ ಈಗ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿದೆ, ಆನ್‌ಲೈನ್‌ನಲ್ಲಿ ಝೂಮ್ ಮಾಡಿ ನೋಡಿ, ಆ ಕುಂಡ ಕವಿಗಳಿಗಿಂತ ಗತ್ತಾಗಿ ಕೂತಿದೆ. ನಾವು ಕಲೀಬೇಕಾಗಿರೋದು ಅದೇನೇ, ಹೂವನ್ನ ಒಬ್ಬ ಆಸಾಮಿ ಥರ ಕೂರಿಸಿ ಬರೆಯೋದು.

ಹೂ ತರೋಕೆ ಮುಂಚೆ ಹಿನ್ನೆಲೆ ರೆಡಿ ಇರಲಿ. ಗುಲಾಬಿ ನಮಗೋಸ್ಕರ ಕಾಯಲ್ಲ. ನಾನು ಮೊದಲನೇ ಸಲ ಬೆಳಿಗ್ಗೆ ಮಾರ್ಕೆಟ್ಟಿಂದ ಹೂ ತಂದು ಟೇಬಲ್ ಮೇಲಿಟ್ಟು, ಆಮೇಲೆ ಕ್ಯಾನ್ವಾಸ್ ಹುಡುಕಿ, ಬಣ್ಣ ಕಲಸಿ, ಮಧ್ಯದಲ್ಲಿ ಕಾಫಿ ಕುಡಿದು, ಫ್ಯಾನ್ ಬೇರೆ ಜೋರಾಗಿ ಹಾಕ್ಕೊಂಡು ಶುರು ಮಾಡೋ ಹೊತ್ತಿಗೆ ಎರಡು ಹೂ ತಲೆ ಬಗ್ಗಿಸಿತ್ತು, ಸಾಯಂಕಾಲಕ್ಕೆ ಟೇಬಲ್ ತುಂಬಾ ಬರೀ ಎಸಳು. ಅದಕ್ಕೇ ಹಿಂದಿನ ದಿನವೇ ಬೂದು, ಕಂದು ಸೇರಿಸಿ ತೆಳುವಾಗಿ, ಕ್ಯಾನ್ವಾಸ್ ನೇಯ್ಗೆ ಕಾಣೋ ಹಾಗೆ ಬಳಿದು ಬಿಟ್ಬಿಡಿ. ಫಾಂತಾಂ ಅವರ ಹಿನ್ನೆಲೆ ಹತ್ತಿರದಿಂದ ನೋಡಿದ್ರೆ ಹಾಗೇ, ಪರದೆ ಇಲ್ಲ, ಗೋಡೆ ಡಿಸೈನ್ ಇಲ್ಲ, ಒಂಥರಾ ಮಬ್ಬು ಗಾಳಿ ಅಷ್ಟೇ. ಆದ್ರೂ ಆ ಬೂದು ಸತ್ತ ಬೂದು ಅಲ್ಲ, ಒಂದು ಕಡೆ ಬೆಚ್ಚಗಿರತ್ತೆ, ಇನ್ನೊಂದು ಕಡೆ ತಣ್ಣಗಿರತ್ತೆ.

ಬೆಳಕು ಒಂದೇ ಕಿಟಕಿಯಿಂದ ಬರಲಿ, ಟ್ಯೂಬ್‌ಲೈಟ್ ಆಫ್ ಮಾಡಿ. ಪಾತ್ರೆ ಸಾದಾ ಗಾಜಿನ ಲೋಟ ಆದ್ರೂ ಸಾಕು, ಇಲ್ಲಾಂದ್ರೆ ಬುಟ್ಟಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇವರ 1890ರ ಗುಲಾಬಿ ಬುಟ್ಟಿ ಇದೆ, 1983ರಲ್ಲಿ ಇಂಗ್ಲೆಂಡಿನ ಒಂದು ಬ್ಯಾಂಡ್ ತಮ್ಮ ರೆಕಾರ್ಡ್ ಕವರ್‌ಗೆ ಅದನ್ನೇ ಹಾಕ್ಕೊಂಡಿತ್ತು. ಅದನ್ನ ನೋಡ್ಕೊಂಡೇ ಪ್ರಾಕ್ಟೀಸ್ ಮಾಡಿ, ಕಾಪಿ ಹೊಡೆಯೋದು ಅವಮಾನ ಏನಲ್ಲ. ಈ ಮನುಷ್ಯ ವರ್ಷಗಟ್ಟಲೆ ಪ್ಯಾರಿಸ್ಸಿನ ಮ್ಯೂಸಿಯಂ ಆದ ಲೂವ್ರ್‌ನಲ್ಲಿ ಕೂತು ಹಳಬರ ಚಿತ್ರ ಕಾಪಿ ಮಾಡಿ ಮಾರಿದೋರು, ಗೆಳೆಯ, ಅಮೆರಿಕದ ಚಿತ್ರಕಾರ ವಿಸ್ಲರ್ ಸಿಕ್ಕಿದ್ದೂ ಅಲ್ಲೇ, ಮುಂದೆ ಮದುವೆಯಾದ ವಿಕ್ತೋರಿಯಾ ದ್ಯುಬೂರ್ ಸಿಕ್ಕಿದ್ದೂ ಅಲ್ಲೇ. ಆಯಮ್ಮನೂ ಒಳ್ಳೆ ಹೂವಿನ ಚಿತ್ರಗಾರ್ತಿ, ಹೆಸರು ಮಾತ್ರ ಗಂಡನಿಗೇ ಹೆಚ್ಚು ಬಂತು.

ಈಗ ಹೂವು. ಎಸಳು ಎಣಿಸ್ಬೇಡಿ, ಎಲ್ಲರೂ ಎಡವೋದು ಇಲ್ಲೇ. ಕಣ್ಣು ಕಿರಿದು ಮಾಡಿ ನೋಡಿ, ಹೂವು ಒಂದು ಉಂಡೆ ಥರ ಕಾಣತ್ತೆ, ಮೊದಲು ಆ ಉಂಡೆಯ ನೆರಳು ಹಾಕಿ, ಬಿಳಿ ಗುಲಾಬಿ ನೆರಳಲ್ಲಿ ಬಿಳಿ ಇರಲ್ಲ, ಬೂದು ಇರತ್ತೆ, ಸ್ವಲ್ಪ ಹಳದಿ ಇರತ್ತೆ, ಪಕ್ಕದ ಕೆಂಪು ಹೂವಿನ ಬಣ್ಣನೂ ಬಡಿದಿರತ್ತೆ. ಆಮೇಲೆ ಬೆಳಕು ಬಿದ್ದ ನಾಲ್ಕೈದು ಎಸಳಿಗೆ ಮಾತ್ರ ಬಣ್ಣ ದಪ್ಪಕ್ಕೆ ಇಡಿ, ಒಂದೇ ಎಳೆತ, ತಿದ್ದೋಕೆ ಹೋಗ್ಬೇಡಿ. ಹಿಂದುಗಡೆ ಅಂಚು ಹಿನ್ನೆಲೆಯಲ್ಲಿ ಕರಗಿಹೋಗಲಿ. ಎಲ್ಲಾ ಹೂವೂ ನಮ್ಮ ಕಡೆಗೇ ಮುಖ ಮಾಡಿದ್ರೆ ಸ್ಕೂಲ್ ಗ್ರೂಪ್ ಫೋಟೋ ಆಗತ್ತೆ, ಒಂದು ಆ ಕಡೆ ತಿರುಗಿರಲಿ, ಒಂದು ಬಾಡೋಕೆ ಶುರುವಾಗಿರಲಿ. ಎಲೆಗೆ ಟ್ಯೂಬಿಂದ ನೇರ ಹಸಿರು ಬೇಡವೇ ಬೇಡ.

ನನ್ನ ಮೊದಲ ಗುಲಾಬಿ ಎಲೆಕೋಸಿನ ಥರ ಬಂದಿತ್ತು. ಫಾಂತಾಂ ಲಾತೂರ್ ಹೆಸರಲ್ಲೇ ಒಂದು ಗುಲಾಬಿ ತಳಿ ಇದೆ, ತೆಳು ಪಿಂಕು, ಆ ಜಾತಿಯನ್ನ ಇಂಗ್ಲಿಷರು ಕರೆಯೋದೇ ಕೋಸು ಗುಲಾಬಿ ಅಂತ, ಸೋ ನಿಮ್ಮದೂ ಹಂಗೆ ಬಂದ್ರೆ ಧೈರ್ಯವಾಗಿ ಹಂಗೇ ಹೇಳ್ಕೊಳಿ.

ಹೂವು ಬಾಡಿ ಹೋದ್ಮೇಲೆ ಏನು? ನೆನಪಿಂದ ಬರೀಬೇಕು. ಇವರ ಮೇಷ್ಟ್ರು ಲೆಕೋಕ್ ದ ಬ್ವಾಬೋದ್ರಾಂ ಕಲಿಸ್ತಿದ್ದಿದ್ದೇ ಅದು, ಚೆನ್ನಾಗಿ ನೋಡು, ಆಮೇಲೆ ಅದು ಎದುರಿಗೆ ಇಲ್ಲದೇ ಬರಿ. ಶಿಲ್ಪಿ ರೋದಾಂ ಕೂಡ ಇದೇ ಮೇಷ್ಟ್ರ ಶಿಷ್ಯ. ಮನೇಲಿ ಹೀಗೆ ಮಾಡಿ, ಒಂದು ಹೂ ಐದು ನಿಮಿಷ ನೋಡಿ, ಅಡುಗೆಮನೇಲಿ ಬಿಟ್ಟು ಬಂದು ಹಾಲ್‌ನಲ್ಲಿ ಕೂತು ಬರೀರಿ, ಎದ್ದು ಹೋಗಿ ಹೋಲಿಸಿ ನೋಡಿ. ಮೊದಲ ವಾರ ನಗು ಬರತ್ತೆ.

ಕೈ ಕೂತ್ಮೇಲೆ ಪೋರ್ಟ್ರೇಟ್‌ಗೆ ಬನ್ನಿ. ಸಿಗೋ ಮಾಡೆಲ್ ಕನ್ನಡಿಯಲ್ಲಿರೋರು, ಇವರೂ ಚಿಕ್ಕ ವಯಸ್ಸಲ್ಲಿ ತಮ್ಮ ಮುಖವನ್ನೇ ಸಿಕ್ಕಾಪಟ್ಟೆ ಬರೆದಿದ್ರು. ಆಮೇಲೆ ಮನೆಯವರು, 1859ರ ಚಿತ್ರದಲ್ಲಿ ಅಕ್ಕತಂಗಿಯರಲ್ಲಿ ಒಬ್ಬಳು ಕಸೂತಿ ಹಾಕ್ತಿದ್ದಾಳೆ, ಇನ್ನೊಬ್ಬಳು ಪುಸ್ತಕ ಹಿಡಿದಿದ್ದಾಳೆ. ಇದು ಒಳ್ಳೆ ಉಪಾಯ, ಕೈಗೆ ಕೆಲಸ ಇದ್ರೆ ಜನ ಅಲ್ಲಾಡಲ್ಲ, ಪೋಸ್ ಕೊಡಿ ಅಂದ್ರೆ ಹಲ್ಲು ಕಿರೀತಾರೆ. ಈಗಿನ ಕಾಲಕ್ಕೆ ಮೊಬೈಲ್ ಕೊಟ್ಟು ಕೂರಿಸಿ, ಅರ್ಧ ಗಂಟೆ ಗ್ಯಾರಂಟಿ. ಅದೇ ಬೂದು ಹಿನ್ನೆಲೆ, ಅದೇ ಕಿಟಕಿ, ಮೊದಲು ನೆರಳು, ಮೂಗಿನ ತುದಿ ಬೆಳಕು ಕೊನೆಗೆ.