ವೈಟ್ ಸ್ಪಾಟ್ ಬಂದಾಗ: ಹೀಟರ್, ಕಲ್ಲುಪ್ಪು ಮತ್ತು ಒಂದು ಪೈಪು

ಬೆಂಗಳೂರಿನಲ್ಲಿ ಡಿಸೆಂಬರ್ ಚಳಿ ಬಿತ್ತು ಅಂದರೆ ಅಕ್ವೇರಿಯಂ ಇಟ್ಟವರಿಗೆ ಈ ಕಾಟ ಶುರು. ಮೀನು ಜಲ್ಲಿಗೆ, ಫಿಲ್ಟರ್ ಪೈಪಿಗೆ ಮೈ ತಿಕ್ಕಿಕೊಳ್ಳುತ್ತದೆ. ರೆಕ್ಕೆ ಮುದುರಿಕೊಂಡು ಮೂಲೆ ಸೇರುತ್ತದೆ. ಆಮೇಲೆ ಮೈಮೇಲೆಲ್ಲ ಸಣ್ಣ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ವೈಟ್ ಸ್ಪಾಟ್ ಅಂತಾರೆ, ಇಕ್ ಅಂತಲೂ ಅಂತಾರೆ. ಚಳಿಯೇ ಈ ರೋಗವನ್ನು ತರುವುದಿಲ್ಲ. ಹೊಸ ಮೀನು, ಹೊಸ ಗಿಡ, ಬೇರೆ ಟ್ಯಾಂಕಿನ ಒದ್ದೆ ಬಲೆ, ಇವುಗಳ ಜೊತೆ ಪರಾವಲಂಬಿ ಬರುತ್ತದೆ. ಚಳಿಗೆ ಮೀನು ಸೊರಗಿರುತ್ತದೆ, ಅಷ್ಟೇ.

ನಮ್ಮದು ಎರಡು ಅಡಿ ಟ್ಯಾಂಕ್. ಮೊಲ್ಲಿ, ಪ್ಲ್ಯಾಟಿ, ಜಲ್ಲಿಯೊಳಗೆ ಅಡಗಿಕೊಳ್ಳುವ ಕುಹ್ಲಿ ಲೋಚ್‌ಗಳು. ಮೊದಲು ಕಂಡಿದ್ದು ಕಪ್ಪು ಮೊಲ್ಲಿಯ ಬಾಲದಲ್ಲಿ. ಕಪ್ಪು ಮೈ ಆದ್ದರಿಂದ ಬೇಗ ಕಂಡಿತು. ಆದರೂ ಟ್ಯಾಂಕ್ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿದೆ. ಚುಕ್ಕೆಗಳು ಒಂದೊಂದೂ ಬಿಡಿಬಿಡಿಯಾಗಿ ಉಬ್ಬಿಕೊಂಡಿದ್ದವು, ಒಂದು ಮಿಲಿಮೀಟರ್ ಒಳಗೇ. ಇಷ್ಟು ನೋಡಲೇಬೇಕು. ಚಿನ್ನದ ಬಣ್ಣದ ಸಣ್ಣ ಧೂಳು ಕೂತಂತೆ ಕಂಡರೆ ಅದು ವೆಲ್ವೆಟ್, ಬೇರೆ ರೋಗ. ಗಂಡು ಗೋಲ್ಡ್ ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಎದೆ ರೆಕ್ಕೆಯ ಅಂಚಿನಲ್ಲಿ ಬಿಳಿ ಗುಳ್ಳೆ ಏಳುತ್ತವೆ. ಅದು ರೋಗವೇ ಅಲ್ಲ. ಅದಕ್ಕೂ ಔಷಧಿ ಸುರಿದವರನ್ನು ನೋಡಿದ್ದೇನೆ!

ಅಂಗಡಿಗೆ ಹೋದರೆ ಉತ್ತರ ರೆಡಿ ಇರುತ್ತದೆ. "ಸಾರ್, ಈ ನೀಲಿ ಔಷಧಿ ನಾಲ್ಕು ಹನಿ ಹಾಕಿ, ಎರಡು ದಿನ ಸಾಕು." ಆ ಎರಡು ದಿನದ ಮಾತೇ ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಕಣ್ಣಿಗೆ ಕಾಣುವ ಚುಕ್ಕೆಯೊಳಗೆ ಪರಾವಲಂಬಿ ಮೀನಿನ ಚರ್ಮದ ಅಡಿಯಲ್ಲಿ ಕೂತು ತಿನ್ನುತ್ತಿರುತ್ತದೆ. ನೀರಿಗೆ ಹಾಕಿದ ಔಷಧಿ, ಉಪ್ಪು ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಅದು ಹೊಟ್ಟೆ ತುಂಬಿದ ಮೇಲೆ ಮೀನನ್ನು ಬಿಟ್ಟು ಕೆಳಗೆ ಬೀಳುತ್ತದೆ. ಜಲ್ಲಿಗೋ ಗಿಡಕ್ಕೋ ಅಂಟಿಕೊಂಡು, ಸುತ್ತ ಕೋಶ ಕಟ್ಟಿಕೊಂಡು ಒಡೆಯುತ್ತಾ ಹೋಗುತ್ತದೆ. ಒಂದರಿಂದ ನೂರಾರು ಮರಿ. ಅವು ಹೊರಬಂದು ಈಜುತ್ತಾ ಮೀನನ್ನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ನಮ್ಮ ಏಟು ಬೀಳುವುದು ಈ ಈಜುವ ಮರಿಗಳ ಮೇಲೆ ಮಾತ್ರ. ಎರಡು ದಿನದಲ್ಲಿ ಚುಕ್ಕೆ ಮಾಯವಾಯಿತು ಅಂದರೆ ರೋಗ ಹೋಯಿತು ಅಂತಲ್ಲ, ಕೆಳಗೆ ಇಳಿದಿದೆ ಅಂತ. ಔಷಧಿ ನಿಲ್ಲಿಸಿದ ಮೇಲೆ ಮತ್ತೆ ಬಂತು ಅನ್ನುವವರದ್ದೆಲ್ಲ ಇದೇ ಕಥೆ.

ಹಾಗಾಗಿ ಮೊದಲು ಹೀಟರ್. ನೀರು 10 ಡಿಗ್ರಿ ಇದ್ದರೆ ಈ ಚಕ್ರ ಮುಗಿಯಲು ತಿಂಗಳೇ ಬೇಕು. 25ರ ಆಸುಪಾಸಿನಲ್ಲಿ ಕೆಲವೇ ದಿನ ಸಾಕು. 30 ದಾಟಿದರೆ ಅದಕ್ಕೆ ಸಂತಾನವೇ ಕಷ್ಟ. ನಮ್ಮ ನೀರು 22ಕ್ಕೆ ಇಳಿದಿತ್ತು. ದಿನಕ್ಕೆ ಎರಡು ಡಿಗ್ರಿಯಂತೆ ಏರಿಸುತ್ತಾ 30ಕ್ಕೆ ತಂದೆ. ಹೀಟರ್ ಮೇಲಿನ ನಂಬರ್ ನಂಬಬೇಡಿ, ಬೇರೆ ಥರ್ಮಾಮೀಟರ್ ಇಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಏರ್ ಪಂಪ್ ಹಗಲು ರಾತ್ರಿ ಓಡಲೇಬೇಕು. ಕರೆಂಟ್ ಹೋದರೆ ಅಂತ ಬ್ಯಾಟರಿ ಪಂಪ್ ಒಂದನ್ನು ಪಕ್ಕದಲ್ಲೇ ಇಟ್ಟಿದ್ದೆ.

ಆಮೇಲೆ ಉಪ್ಪು. ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ನಮ್ಮದು 60, 30, 30, ಅಂದರೆ 54. ಜಲ್ಲಿ, ಕಲ್ಲು ಕಳೆದು 45 ಅಂತ ಹಿಡಿದೆ. ಲೀಟರಿಗೆ 2 ಗ್ರಾಂ, ಒಟ್ಟು 90 ಗ್ರಾಂ ಕಲ್ಲುಪ್ಪು. ಪುಡಿ ಉಪ್ಪಿಗೆ ಗಂಟು ಕಟ್ಟದಂತೆ ಬೇರೆ ಏನೇನೋ ಸೇರಿಸಿರುತ್ತಾರೆ, ಅದು ಬೇಡ. ಅಡುಗೆಮನೆ ತಕ್ಕಡಿ ಎತ್ತಿಕೊಂಡಾಗ ಅಮ್ಮ, "ಮೀನಿಗೂ ಉಪ್ಪಿನಕಾಯಿ ಹಾಕ್ತೀಯೇನೋ?" ಅಂದರು. ಟ್ಯಾಂಕಿನ ನೀರಲ್ಲೇ ಕರಗಿಸಿ, ಮೂರು ಪಾಲು ಮಾಡಿ, ಒಂದು ದಿನದ ಅಂತರದಲ್ಲಿ ಒಂದೊಂದು ಪಾಲು ಸುರಿದೆ. ಮೊಲ್ಲಿಗೆ ಉಪ್ಪು ಲೆಕ್ಕಕ್ಕೇ ಇಲ್ಲ. ಲೋಚ್‌ಗೆ ಹುರುಪೆ ತೀರಾ ಸಣ್ಣದು, ಅದಕ್ಕೇ ಇಷ್ಟು ನಿಧಾನ. ಕಬೊಂಬಾದಂಥ ಎಳೆ ಎಳೆ ಗಿಡ ಉಪ್ಪಿಗೆ ಸೊರಗುತ್ತದೆ, ಅದರ ಆಸೆ ಬಿಡಿ.

ಒಂದು ಮಾತು ನೆನಪಿರಲಿ. ನೀರು ಆವಿಯಾದರೂ ಉಪ್ಪು ಅಲ್ಲೇ ಇರುತ್ತದೆ. ಕಡಿಮೆಯಾದಷ್ಟಕ್ಕೆ ಸಪ್ಪೆ ನೀರು ಹಾಕಿದರೆ ಸಾಕು. ಹೊರಗೆ ತೆಗೆದ ನೀರಿನ ಪಾಲಿಗೆ ಮಾತ್ರ ಹೊಸ ಉಪ್ಪು.

ಮೂರನೆಯದು ಸೈಫನ್ ಪೈಪು. ಎಲ್ಲರೂ ಇದನ್ನೇ ಬಿಡುವುದು, ನನ್ನ ಪ್ರಕಾರ ಅರ್ಧ ಕೆಲಸ ಇದರದ್ದೇ. ದಿನ ಬಿಟ್ಟು ದಿನ ಜಲ್ಲಿ ಕೆದಕಿ ಕೆಳಗಿನ ಕೊಳೆ ಎಳೆದೆ, ಕಾಲು ಭಾಗ ನೀರು ಬದಲಿಸಿದೆ. ಕೋಶ ಕಟ್ಟಿಕೊಂಡ ಪರಾವಲಂಬಿಯನ್ನು ಬಕೆಟ್ಟಿನಲ್ಲಿ ಹೊರಗೆ ಹೊತ್ತು ಹಾಕುವ ದಾರಿ ಇದೊಂದೇ. ಕಾವೇರಿ ನೀರಾದರೆ ಆಂಟಿ ಕ್ಲೋರಿನ್ ಹಾಕಿ. ಹೊಸ ನೀರೂ ಅಷ್ಟೇ ಬೆಚ್ಚಗಿರಬೇಕು.

ಒಂದು ಮರಿ ಪ್ಲ್ಯಾಟಿ ಉಳಿಯಲಿಲ್ಲ. ಅದರ ಮೈಮೇಲೆ ಚುಕ್ಕೆ ಅಷ್ಟಾಗಿ ಇರಲೇ ಇಲ್ಲ. ಆದರೆ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಕಿವಿರಿನೊಳಗೆ ಹೊಕ್ಕರೆ ಹೀಗೇ, ಹೊರಗೆ ಏನೂ ಕಾಣದೆ ಉಸಿರಿಗೆ ಕುತ್ತು. ಮೀನು ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿದ್ದರೆ ಚುಕ್ಕೆ ಎಣಿಸುತ್ತಾ ಕೂರಬೇಡಿ.

ಗೋಲ್ಡ್ ಫಿಶ್‌ಗೆ ಈ 30 ಡಿಗ್ರಿ ಲೆಕ್ಕ ನಡೆಯುವುದಿಲ್ಲ, ಅದು ತಣ್ಣೀರಿನ ಮೀನು. ತಮ್ಮನ ಮನೆಯಲ್ಲಿ ಅದಕ್ಕೆ ಬಂದಾಗ ಉಪ್ಪಿನ ಜೊತೆ ಮ್ಯಾಲಕೈಟ್ ಗ್ರೀನ್ ಬಳಸಿದೆವು. ಬಾಟಲಿ ಮೇಲಿನ ಅಳತೆ ಮೀರಲಿಲ್ಲ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಮೊದಲು ತೆಗೆಯಿರಿ, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಕುಡಿದುಬಿಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ತಿನ್ನುವ ಮೀನಿನಲ್ಲಿ ಇದರ ಅಂಶ ಇರಬಾರದು ಅಂತ ಹಲವು ದೇಶಗಳಲ್ಲಿ ನಿಯಮವಿದೆ, ಸುಮ್ನೆ ಅಲ್ಲ. ಲೋಚ್, ಟೆಟ್ರಾ ಇದ್ದರೆ ಅರ್ಧ ಅಳತೆಯೇ ಜಾಸ್ತಿ.

ನಮ್ಮ ಟ್ಯಾಂಕಿನಲ್ಲಿ ಔಷಧಿ ಬೇಕಾಗಲಿಲ್ಲ. ಕೊನೆಯ ಚುಕ್ಕೆ ಹೋದ ಮೇಲೂ ಬಿಸಿ, ಉಪ್ಪು ಎರಡನ್ನೂ ಒಂದು ವಾರಕ್ಕೂ ಮೇಲೆ ಹಾಗೇ ಇಟ್ಟೆ. ನಂತರ ಸಪ್ಪೆ ನೀರು ಬದಲಿಸುತ್ತಾ ಉಪ್ಪು ಇಳಿಸಿದೆ, ಹೀಟರನ್ನು ನಿಧಾನವಾಗಿ 26ಕ್ಕೆ ತಂದು ಅಲ್ಲೇ ಬಿಟ್ಟೆ. ಈಗ ಹೊಸ ಮೀನು ಬಂದರೆ ಎರಡು ಮೂರು ವಾರ ಬೇರೆ ಟಬ್ಬಿನಲ್ಲಿ. ಆ ಟಬ್ಬಿಗೆ ಬೇರೆಯದೇ ಬಲೆ. ಒಂದೇ ಬಲೆ ಇದ್ದರೆ ಬಿಸಿಲಿಗೆ ಹಾಕಿ ಗರಿಗರಿಯಾಗಿ ಒಣಗಿಸಿ. ಒಣಗಿದ ಬಲೆಯಲ್ಲಿ ಇದು ಬದುಕುವುದಿಲ್ಲ.