ಪೋಲಿಯೋ ಪಟ್ಟಿ ಹಿಡಿದು ಹೊರಟವನು

ಜಾಗತಿಕ ಆರೋಗ್ಯ ಕ್ಷೇತ್ರಕ್ಕೆ ಬರಬೇಕು, ವಿದೇಶದಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಲಾ ಎಂದು ಕಿರಿಯ ಡಾಕ್ಟರ್‌ಗಳು ಕೇಳುತ್ತಿರುತ್ತಾರೆ. ಮಾಡಿ, ತಪ್ಪೇನಿಲ್ಲ. ನಾನು ಮಾತ್ರ ಈ ಕೆಲಸ ಕಲಿತದ್ದು ಬಿಹಾರದ ಕೋಸಿ ನದಿಯ ಬಯಲಲ್ಲಿ, ಪೋಲಿಯೋ ಪತ್ತೆಯ ವೈದ್ಯನಾಗಿ.

15 ವರ್ಷದೊಳಗಿನ ಯಾವ ಮಗುವಿಗೆ ದಿಢೀರನೆ ಕೈಕಾಲು ಸೋತರೂ ನಮಗೆ ಸುದ್ದಿ ಬರಬೇಕು. ಕೈಕಾಲು ಸೋತ 14 ದಿನದೊಳಗೆ, 24 ಗಂಟೆ ಬಿಟ್ಟು ಎರಡು ಸಲ ಮಲದ ಸ್ಯಾಂಪಲ್ ತೆಗೆದು, ಐಸ್ ಪ್ಯಾಕ್ ಜೊತೆ ಲ್ಯಾಬ್‌ಗೆ ಕಳಿಸಬೇಕು. ಹೇಳೋಕೆ ಇಷ್ಟೇ. ಆದರೆ ಸುದ್ದಿ ಕೊಡೋರು ಯಾರು? ಡಿಗ್ರಿಯಿಲ್ಲದೆ ಸೂಜಿ ಚುಚ್ಚುವ ಹಳ್ಳಿ 'ಡಾಕ್ಟರ್', ತಾಯತ ಕಟ್ಟುವವನು. ತಾಯಂದಿರು ಮೊದಲು ಓಡುವುದು ಅಲ್ಲಿಗೇ ಅಲ್ವಾ? ಅವರ ಜೊತೆ ಚಹಾ ಕುಡಿಯುವುದೇ ನನ್ನ ಅರ್ಧ ಕೆಲಸವಾಗಿತ್ತು.

ಇನ್ನರ್ಧ ಮೈಕ್ರೋಪ್ಲಾನ್. ಯಾವ ತಂಡ, ಯಾವ ದಿನ, ಯಾವ ಮನೆಗೆ ಎಂಬ ಕಾಗದ. ಅದರಲ್ಲಿ ಊರುಗಳಿದ್ದವು. ಹೊಲ, ದನ ನೋಡಿಕೊಳ್ಳಲು ನದಿಪಾತ್ರದಲ್ಲಿ ಹಾಕಿಕೊಂಡ 'ಬಾಸಾ' ಗುಡಿಸಲುಗಳಿರಲಿಲ್ಲ. ದೋಣಿಯಲ್ಲಿ ಹೋಗಿ, ಮರಳಲ್ಲಿ ನಡೆದು ಅವನ್ನೆಲ್ಲ ಸೇರಿಸಿದೆವು. 2008ರ ಆಗಸ್ಟ್‌ನಲ್ಲಿ ನೇಪಾಳದ ಕುಸಹಾ ಹತ್ತಿರ ಏರಿ ಒಡೆದು ಕೋಸಿ ದಿಕ್ಕು ಬದಲಿಸಿತು. ಲಕ್ಷಾಂತರ ಜನ ಮನೆ ಬಿಟ್ಟರು. ಯಾವ ಮೂಲೆಯಲ್ಲಿ ಎಷ್ಟು ಮಕ್ಕಳಿದ್ದರು ಎಂದು ನಮಗೆ ತಿಳಿಸಿದ್ದು ಅದೇ ಪೋಲಿಯೋ ಪಟ್ಟಿ. ಶಿಬಿರಗಳಲ್ಲಿ ದಡಾರದ ಲಸಿಕೆಗೂ ಅದನ್ನೇ ಹಿಡಿದು ಹೊರಟೆವು. ವಿಪತ್ತು ಬಂದ ಮೇಲೆ ಇಂಥ ಪಟ್ಟಿ ಮಾಡೋಕೆ ಆಗಲ್ಲ.

2011ರ ನಂತರ ದೇಶದಲ್ಲಿ ಪೋಲಿಯೋ ನಿಂತಿತು. ನಾನು ಹೊರದೇಶದ ಕೆಲಸಗಳಿಗೆ ಅರ್ಜಿ ಹಾಕಿದೆ.

2017ರ ಕೊನೆಗೆ ಬಾಂಗ್ಲಾದೇಶದ ಕಾಕ್ಸ್ ಬಜಾರ್. ಮ್ಯಾನ್ಮಾರ್‌ನ ರಖೈನ್‌ನಿಂದ ಓಡಿಬಂದ ಲಕ್ಷಾಂತರ ರೊಹಿಂಗ್ಯಾ ಜನ, ಗುಡ್ಡದ ಮೇಲೆಲ್ಲ ಬಿದಿರು, ಟಾರ್ಪಾಲು. ಅಕ್ಟೋಬರ್‌ನಲ್ಲೇ ಕಾಲರಾ ಲಸಿಕೆ ಆಗಿತ್ತು. ನವೆಂಬರ್‌ನಲ್ಲಿ ಗಂಟಲುಮಾರಿ ಶುರುವಾಯಿತು, ಅದೇ ಡಿಫ್ತೀರಿಯಾ. ರೋಗಿಯ ಜೊತೆ ಇದ್ದವರನ್ನೆಲ್ಲ ಹುಡುಕಿ ಆಂಟಿಬಯೋಟಿಕ್ ಕೊಡಬೇಕು. ಮನೆ ನಂಬರೇ ಇಲ್ಲದ ಕಡೆ ಹುಡುಕುವುದು ಹೇಗೆ? ಬ್ಲಾಕಿನ ಮುಖಂಡರಾದ ಮಾಝಿಗಳ ಬಳಿ ಹೋದೆವು. ಅವರು ಹೆಚ್ಚೂಕಡಿಮೆ ಎಲ್ಲ ಗಂಡಸರು. ಗುಡಿಸಲ ಒಳಗೆ ಮಲಗಿದ ಮಗುವಿನ ಸುದ್ದಿ ಜಾಸ್ತಿ ಸಿಕ್ಕಿದ್ದು ರೊಹಿಂಗ್ಯಾ ಹೆಂಗಸರು ನಮ್ಮ ಜೊತೆ ಬಂದ ಮೇಲೆ. ನನ್ನ ಬಿಹಾರದ ಹಿಂದಿ ಅಲ್ಲಿ ಅಷ್ಟು ನಡೆಯಲಿಲ್ಲ. ಅವರ ಮಾತಿಗೆ ಹತ್ತಿರವಿರುವುದು ಚಿತ್ತಗಾಂಗಿನ ನುಡಿ, ಹಾಗಾಗಿ ಅಲ್ಲಿನ ಹುಡುಗಿಯರೇ ನಮ್ಮ ದುಭಾಷಿಗಳು.

ಈಗ ನಾನು ಇಂಟರ್‌ವ್ಯೂ ಮಾಡುವವರ ಸಾಲಲ್ಲಿ ಕೂರುತ್ತೇನೆ. ನಿಮ್ಮ ತಾಲ್ಲೂಕಿನಲ್ಲಿ ಲಸಿಕೆ ತಪ್ಪಿದ ಮಕ್ಕಳು ಎಲ್ಲಿರುತ್ತಾರೆ ಎಂದು ಕೇಳುತ್ತೇನೆ. ಇಟ್ಟಿಗೆ ಗೂಡು, ಕಬ್ಬು ಕಡಿಯುವವರ ಗುಡಿಸಲು, ಕಟ್ಟಡ ಕೆಲಸದವರ ಶೆಡ್ ಎಂದು ಬೆರಳು ಮಡಚಿ ಹೇಳುವವರಿದ್ದರೆ ಅವರಿಗೇ ನನ್ನ ಓಟು. ಸರ್ಟಿಫಿಕೇಟ್ ಆಮೇಲೆ ನೋಡಿದರಾಯ್ತು.